ಅಮೆರಿಕದ ಜೈಲು, ಆರೋಪಿ ಮತ್ತು ಪೊಲೀಸರ ಯಂತ್ರಗಳು

ಸೆರೆಮನೆ, ಬಂದೀಖಾನೆ, ಕಾರಾಗೃಹ, ಜೈಲು ಎಂದು ಕನ್ನಡದಲ್ಲಿ ಹೇಗೆ ಕರೆದರೂ ಅರ್ಥ ಒಂದೇ. ಅಮೆರಿಕದಲ್ಲಿ ಹಾಗಲ್ಲ, ಅಲ್ಲಿ ‘ಜೈಲ್’ ಬೇರೆ, ‘ಪ್ರಿಸನ್’ ಬೇರೆ. ಆ ದೇಶದ ಸುದ್ದಿಗಳನ್ನು ಕನ್ನಡಕ್ಕೆ ತರುವಾಗ ನಾವು ಎರಡಕ್ಕೂ ಒಂದೇ ಪದವನ್ನು ಬಳಸುತ್ತೇವೆ. ಇದರಿಂದಾಗಿ ಜೈಲಿನಲ್ಲಿ ಇರುವವರೆಲ್ಲ ಅಪರಾಧ ಸಾಬೀತಾದವರೇ ಎಂಬ ಭಾವನೆ ಓದುಗರಲ್ಲಿ ಮೂಡುವುದು ಸಹಜ. ವಾಸ್ತವಸ್ಥಿತಿ ಬಹುಮಟ್ಟಿಗೆ ಇದಕ್ಕೆ ವ್ಯತಿರಿಕ್ತವಾಗಿದೆ. ಸಬ್ ಜೈಲು ಮತ್ತು ಸೆಂಟ್ರಲ್ ಜೈಲುಗಳ ಭೇದವನ್ನು ಬಲ್ಲವರು ಇದನ್ನು ಸುಲಭವಾಗಿ ಗ್ರಹಿಸಬಹುದು.

ಜೈಲ್ ಎಂಬುದು ಸ್ಥಳೀಯ ಸಂಸ್ಥೆ. ಸ್ಥೂಲವಾಗಿ ನಮ್ಮ ಜಿಲ್ಲೆಗೆ ಹೋಲಿಸಬಹುದಾದ ‘ಕೌಂಟಿ’ ಎಂಬ ಆಡಳಿತ ಘಟಕವು ಅದನ್ನು ನಡೆಸುತ್ತದೆ. ಹೆಚ್ಚಿನ ಕೌಂಟಿಗಳಲ್ಲಿ ಅದರ ಉಸ್ತುವಾರಿ ಶೆರಿಫನದು. ಬಹುತೇಕ ರಾಜ್ಯಗಳಲ್ಲಿ ಈತ ಸರ್ಕಾರ ನೇಮಿಸಿದ ಅಧಿಕಾರಿಯಲ್ಲ, ಜನರ ಮತ ಪಡೆದು ಗೆದ್ದವನು. ಪೊಲೀಸರು ಹಿಡಿದು ತಂದವರು, ವಿಚಾರಣೆಗಾಗಿ ಕಾಯುತ್ತಿರುವವರು, ಸಾಮಾನ್ಯವಾಗಿ ಒಂದು ವರ್ಷದೊಳಗಿನ ಶಿಕ್ಷೆಗೆ ಗುರಿಯಾದವರು ಇಲ್ಲಿರುತ್ತಾರೆ. ಪ್ರಿಸನ್ ರಾಜ್ಯದ ಅಥವಾ ಒಕ್ಕೂಟ ಸರ್ಕಾರದ ಅಧೀನದಲ್ಲಿದ್ದು, ದೀರ್ಘಾವಧಿಯ ಶಿಕ್ಷೆ ಪಡೆದವರಿಗೆ ಮೀಸಲು. ಅಲಾಸ್ಕಾ, ಕನೆಕ್ಟಿಕಟ್, ಡೆಲವೇರ್, ಹವಾಯಿ, ರೋಡ್ ಐಲೆಂಡ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಮಾತ್ರ ಇವೆರಡೂ ಬಹುಮಟ್ಟಿಗೆ ಒಂದೇ ಆಡಳಿತದಡಿ ಬರುತ್ತವೆ.

2022ರ ಮಧ್ಯಭಾಗದಲ್ಲಿ ಈ ಸ್ಥಳೀಯ ಜೈಲುಗಳಲ್ಲಿ ಸುಮಾರು 6.6 ಲಕ್ಷ ಮಂದಿ ಇದ್ದರು. ಪ್ರಿಸನ್‌ಗಳಲ್ಲಿ ಇದ್ದವರು ಸುಮಾರು 12 ಲಕ್ಷ. ಸಂಖ್ಯೆಯಲ್ಲಿ ಜೈಲು ಚಿಕ್ಕದಾಗಿ ಕಂಡರೂ ಅದರ ಬಾಗಿಲು ಸದಾ ತೆರೆದು ಮುಚ್ಚುತ್ತಿರುತ್ತದೆ: ಅದೇ ಸುಮಾರಿನ ಒಂದು ವರ್ಷದಲ್ಲಿ 70 ಲಕ್ಷಕ್ಕೂ ಹೆಚ್ಚು ಬಾರಿ ಜನರನ್ನು ಅಲ್ಲಿ ದಾಖಲಿಸಿಕೊಳ್ಳಲಾಗಿದೆ (ಒಬ್ಬನೇ ವ್ಯಕ್ತಿ ಹಲವು ಸಲ ಒಳಹೋಗಿರುವುದೂ ಉಂಟು). ಇನ್ನೊಂದು ಅಂಕಿ ಹೆಚ್ಚು ಮುಖ್ಯವಾದುದು. ಜೈಲಿನಲ್ಲಿದ್ದ ಹತ್ತು ಮಂದಿಯಲ್ಲಿ ಸುಮಾರು ಏಳು ಮಂದಿಯ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರು ಆರೋಪಿಗಳು ಮಾತ್ರ. ಅಮೆರಿಕದ ಪೊಲೀಸರ ಕೈಗೆ ಬಂದಿರುವ ಹೊಸ ಯಂತ್ರಗಳ ವಿಚಾರವನ್ನು ಈ ಹಿನ್ನೆಲೆಯಲ್ಲೇ ನೋಡಬೇಕೆಂಬುದು ನಮ್ಮ ಅಭಿಪ್ರಾಯ. ಸಂಶಯಕ್ಕೂ ಸಾಬೀತಿಗೂ ನಡುವಣ ಅವಧಿಯಲ್ಲೇ ಆ ಯಂತ್ರಗಳು ಹೆಚ್ಚು ಕೆಲಸ ಮಾಡುತ್ತವೆ.

ಬಂಧನದಿಂದ ಜೈಲಿಗೆ

ಬಂಧಿತನನ್ನು ಜೈಲಿಗೆ ತಂದೊಡನೆ ನಡೆಯುವ ಪ್ರಕ್ರಿಯೆಗೆ ‘ಬುಕಿಂಗ್’ ಎಂದು ಹೆಸರು. ಹೆಸರು, ವಿಳಾಸ, ಆರೋಪಗಳನ್ನು ಬರೆದುಕೊಂಡು, ಮೈಮೇಲಿನ ವಸ್ತುಗಳನ್ನು ಪಡೆದು, ಎದುರಿನಿಂದಲೂ ಪಕ್ಕದಿಂದಲೂ ಛಾಯಾಚಿತ್ರ ತೆಗೆಯುತ್ತಾರೆ. ಬೆರಳಚ್ಚಿಗೆ ಈಗ ಮಸಿ ಬೇಕಿಲ್ಲ; ಗಾಜಿನ ಫಲಕದ ಮೇಲೆ ಬೆರಳಿಟ್ಟರೆ ಅದು ನೇರವಾಗಿ ಎಫ್‌ಬಿಐನ ರಾಷ್ಟ್ರೀಯ ಸಂಗ್ರಹಕ್ಕೆ ತಲಪುತ್ತದೆ. ಗಂಭೀರ ಅಪರಾಧದ ಆರೋಪವಿದ್ದಲ್ಲಿ ಕೆನ್ನೆಯ ಒಳಭಾಗದಿಂದ ಡಿಎನ್‌ಎ ಮಾದರಿಯನ್ನೂ ಪಡೆಯಬಹುದೆಂದು ಸುಪ್ರೀಂ ಕೋರ್ಟ್ 2013ರಲ್ಲಿ, ಮೇರಿಲ್ಯಾಂಡ್ ರಾಜ್ಯದ ಪ್ರಕರಣವೊಂದರಲ್ಲಿ, ಐವರು ನ್ಯಾಯಮೂರ್ತಿಗಳ ಬಹುಮತದಿಂದ ತೀರ್ಮಾನಿಸಿತು. ನಾಲ್ವರು ಒಪ್ಪಲಿಲ್ಲ. ವಾರಂಟ್ ಇಲ್ಲದೆ ಬಂಧಿಸಿದವನ ಬಂಧನಕ್ಕೆ ತಕ್ಕ ಕಾರಣವಿದೆಯೇ ಎಂಬುದನ್ನು ಸಾಮಾನ್ಯವಾಗಿ 48 ಗಂಟೆಗಳೊಳಗೆ ನ್ಯಾಯಾಧೀಶರು ಪರಿಶೀಲಿಸಬೇಕು; ಇದು 1991ರ ತೀರ್ಪು.

ಮುಂದಿನ ಪ್ರಶ್ನೆ ಜಾಮೀನಿನದು. ಅಮೆರಿಕದ ಸಂವಿಧಾನದ ಎಂಟನೆಯ ತಿದ್ದುಪಡಿಯು ಮಿತಿಮೀರಿದ ಜಾಮೀನು ಮೊತ್ತವನ್ನು ನಿಷೇಧಿಸುತ್ತದೆಯಾದರೂ, ಯಾವುದು ಮಿತಿ ಎಂಬುದು ಆರೋಪಿಯ ಜೇಬನ್ನು ಅವಲಂಬಿಸಿದೆ. ನ್ಯಾಯಾಲಯ 10,000 ಡಾಲರ್ ನಿಗದಿಪಡಿಸಿದರೆ, ಅಷ್ಟು ಹಣವುಳ್ಳವನು ಅದನ್ನು ಠೇವಣಿಯಿಟ್ಟು ಮನೆಗೆ ಹೋಗುತ್ತಾನೆ. ವಿಚಾರಣೆಗೆ ತಪ್ಪದೆ ಹಾಜರಾದರೆ ಹಣ ಮರಳಿ ದೊರೆಯುತ್ತದೆ. ಇಲ್ಲದವನು ಜಾಮೀನು ವ್ಯಾಪಾರಿಯ ಮೊರೆಹೋಗಬೇಕು. ಸಾಮಾನ್ಯವಾಗಿ ಶೇ. 10ರಷ್ಟು, ಅಂದರೆ 1,000 ಡಾಲರ್ ಕೊಟ್ಟರೆ ಆತ ಹೊಣೆ ನಿಲ್ಲುತ್ತಾನೆ. ಈ ಹಣ ಮಾತ್ರ ಆರೋಪಿ ನಿರ್ದೋಷಿಯೆಂದು ತೀರ್ಪಾದರೂ ಹಿಂದಿರುಗುವುದಿಲ್ಲ. ಜಾಮೀನನ್ನು ಲಾಭದ ವ್ಯಾಪಾರವಾಗಿ ನಡೆಸಲು ಅವಕಾಶವಿರುವ ದೇಶಗಳು ಜಗತ್ತಿನಲ್ಲಿ ತೀರಾ ವಿರಳ. ಇಲಿನಾಯ್ ರಾಜ್ಯವು 2023ರ ಸೆಪ್ಟೆಂಬರ್‌ನಲ್ಲಿ ಹಣದ ಜಾಮೀನನ್ನು ಪೂರ್ಣವಾಗಿ ರದ್ದುಪಡಿಸಿತು. ಹಾಗೆ ಮಾಡಿದ ಮೊದಲ ರಾಜ್ಯ ಅದೇ.

ನ್ಯೂಯಾರ್ಕ್ ನಗರದ ಕಾಲೀಫ್ ಬ್ರೌಡರ್ ಎಂಬ ಹುಡುಗನ ಪ್ರಕರಣವು ಈ ವ್ಯವಸ್ಥೆಯ ಅರ್ಥವನ್ನು ತಿಳಿಸುತ್ತದೆ. 2010ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ, ಬೆನ್ನಚೀಲವೊಂದನ್ನು ಕದ್ದ ಆರೋಪದ ಮೇಲೆ ಆತ ಬಂಧಿತನಾದ. ಜಾಮೀನು ಮೊತ್ತ 3,000 ಡಾಲರ್. ಮನೆಯವರಿಗೆ ಅದನ್ನು ಹೊಂದಿಸಲಾಗಲಿಲ್ಲ. ನಗರದ ರೈಕರ್ಸ್ ಐಲೆಂಡ್ ಜೈಲಿನಲ್ಲಿ ಸುಮಾರು ಮೂರು ವರ್ಷ, ಅದರಲ್ಲಿ ಎರಡು ವರ್ಷದಷ್ಟು ಕಾಲ ಏಕಾಂತ ಕೋಣೆಯಲ್ಲಿ ಕಳೆದ. ತಪ್ಪೊಪ್ಪಿಕೊಂಡರೆ ಬಿಡುತ್ತೇವೆ ಎಂಬ ಪ್ರಸ್ತಾವ ಬಂದರೂ ಆತ ಒಪ್ಪಲಿಲ್ಲ. 2013ರಲ್ಲಿ ಆರೋಪಗಳನ್ನು ಕೈಬಿಡಲಾಯಿತು. ವಿಚಾರಣೆ ನಡೆಯಲೇ ಇಲ್ಲ. 2015ರಲ್ಲಿ ಆತ ಆತ್ಮಹತ್ಯೆ ಮಾಡಿಕೊಂಡ.

ಬ್ರೌಡರ್ ನಿರಾಕರಿಸಿದ್ದನ್ನು ಹೆಚ್ಚಿನವರು ನಿರಾಕರಿಸುವುದಿಲ್ಲ. ಸಿನಿಮಾಗಳಲ್ಲಿ ನಾವು ಕಾಣುವ, ಹನ್ನೆರಡು ಜ್ಯೂರಿಗಳ ಮುಂದೆ ನಡೆಯುವ ವಿಚಾರಣೆ ಅಮೆರಿಕದಲ್ಲಿ ಅಪರೂಪದ ಸಂಗತಿ. ರಾಜ್ಯ ನ್ಯಾಯಾಲಯಗಳ ಶೇ. 94 ಮತ್ತು ಒಕ್ಕೂಟ ನ್ಯಾಯಾಲಯಗಳ ಶೇ. 97ರಷ್ಟು ಶಿಕ್ಷೆಗಳು ತಪ್ಪೊಪ್ಪಿಗೆಯ ಒಪ್ಪಂದದಿಂದಲೇ ಆಗುತ್ತವೆಯೆಂದು ಸುಪ್ರೀಂ ಕೋರ್ಟ್ 2012ರಲ್ಲಿ ತಾನೇ ಹೇಳಿದೆ. ಹೊರಗಿರುವವನಿಗೆ ಕಾಯುವ ಶಕ್ತಿ ಇರುತ್ತದೆ. ಒಳಗಿರುವ ಕೂಲಿಕಾರನಿಗೆ ‘ಒಪ್ಪಿಕೋ, ಇಂದೇ ಮನೆಗೆ ಹೋಗು’ ಎಂಬ ಮಾತು, ಕೆಲಸವೂ ಬಾಡಿಗೆಮನೆಯೂ ಕೈತಪ್ಪುವ ಭಯದ ನಡುವೆ, ಬೇರೆಯದೇ ಧ್ವನಿಯಲ್ಲಿ ಕೇಳಿಸುತ್ತದೆ.

ಜೈಲಿನ ಬದಲು ಕಾಲಿಗೆ ಕಟ್ಟುವ ವಿದ್ಯುನ್ಮಾನ ಪಟ್ಟಿಯೂ ಬಳಕೆಯಲ್ಲಿದೆ. ಇದರ ಹುಟ್ಟು ವಿಚಿತ್ರ: ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯ ನ್ಯಾಯಾಧೀಶ ಜಾಕ್ ಲವ್ ಅವರು ಸ್ಪೈಡರ್‌ಮ್ಯಾನ್ ಚಿತ್ರಕಥೆಯಲ್ಲಿ ಅಂಥದೊಂದು ಸಾಧನವನ್ನು ಕಂಡು, 1983ರಲ್ಲಿ ಅದನ್ನು ನಿಜವಾಗಿ ಮಾಡಿಸಿ ಬಳಸಿದರು. ಅನೇಕ ಕಡೆಗಳಲ್ಲಿ ಪಟ್ಟಿಯ ದಿನಬಾಡಿಗೆಯನ್ನು ಅದನ್ನು ಕಟ್ಟಿಕೊಂಡವನೇ ತೆರಬೇಕು.

ಸಂಶಯ ಹುಟ್ಟಿಸುವ ಯಂತ್ರಗಳು

ಬೆರಳಚ್ಚು ಮತ್ತು ಡಿಎನ್‌ಎ ಒಬ್ಬನನ್ನು ಗುರುತಿಸುವ ಸಾಧನಗಳು. ಕಳೆದ ಎರಡು ದಶಕಗಳಲ್ಲಿ ಬಂದ ಕೆಲವು ಸಾಧನಗಳು ಬೇರೊಂದು ಜಾತಿಯವು. ಅವು ಯಾರನ್ನು ಸಂಶಯಿಸಬೇಕೆಂಬುದನ್ನು ಸೂಚಿಸುತ್ತವೆ.

ಮುಖವನ್ನು ಗುರುತಿಸುವ ತಂತ್ರಾಂಶವನ್ನೇ ನೋಡೋಣ. ಸಿಸಿಟಿವಿಯ ಚಿತ್ರವೊಂದನ್ನು ಕೊಟ್ಟರೆ, ಅದು ವಾಹನ ಚಾಲನಾ ಪರವಾನಗಿಯ ಮತ್ತು ಹಿಂದೆ ಬಂಧಿತರಾದವರ ಭಾವಚಿತ್ರಗಳ ಸಂಗ್ರಹವನ್ನು ಜಾಲಾಡಿ ಹೋಲುವ ಮುಖಗಳ ಪಟ್ಟಿ ಕೊಡುತ್ತದೆ. ಅದು ‘ಇವನೇ’ ಎನ್ನುವುದಿಲ್ಲ, ‘ಇವನಂತಿದ್ದಾನೆ’ ಎನ್ನುತ್ತದೆ. 2018ರಲ್ಲಿ ಡೆಟ್ರಾಯ್ಟ್ ನಗರದ ಅಂಗಡಿಯೊಂದರಿಂದ ಕೈಗಡಿಯಾರಗಳು ಕಳವಾದವು. ಮಸುಕಾದ ಚಿತ್ರವನ್ನು ಯಂತ್ರಕ್ಕೆ ಉಣಿಸಿದಾಗ ಬಂದ ಮುಖಗಳಲ್ಲಿ ರಾಬರ್ಟ್ ವಿಲಿಯಮ್ಸ್ ಎಂಬ ಕಪ್ಪುವರ್ಣೀಯರದೂ ಒಂದು. ಕಳವಿನ ವೇಳೆ ಅಂಗಡಿಯಲ್ಲಿಯೇ ಇರದೆ, ಬರಿಯ ವಿಡಿಯೊ ನೋಡಿದ್ದ ಭದ್ರತಾ ನೌಕರರೊಬ್ಬರು ಪೊಲೀಸರು ತೋರಿಸಿದ ಚಿತ್ರಗಳ ನಡುವಿನಿಂದ ಅವರನ್ನು ಆರಿಸಿದರು. 2020ರ ಜನವರಿಯಲ್ಲಿ, ಮನೆಯ ಮುಂದೆ, ಹೆಂಡತಿ ಮಕ್ಕಳ ಕಣ್ಣೆದುರು ಅವರ ಕೈಗೆ ಕೋಳ ಬಿತ್ತು. ಸುಮಾರು 30 ಗಂಟೆಗಳ ಬಂಧನ. ಅವರು ನಿರಪರಾಧಿ. 2024ರ ಜೂನ್‌ನಲ್ಲಿ ನಗರವು ಅವರಿಗೆ 3 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಯಂತ್ರದ ಹೋಲಿಕೆಯೊಂದನ್ನೇ ನಂಬಿ ಯಾರನ್ನೂ ಬಂಧಿಸುವಂತಿಲ್ಲವೆಂಬ ನಿಯಮಕ್ಕೂ ಒಪ್ಪಿತು. ನಮ್ಮ ದೃಷ್ಟಿಯಲ್ಲಿ ಹಣಕ್ಕಿಂತ ಈ ನಿಯಮವೇ ದೊಡ್ಡದು.

ಈ ತಂತ್ರಾಂಶಗಳು ಎಲ್ಲರ ಮುಖಗಳಲ್ಲಿ ಸಮಾನವಾಗಿ ತಪ್ಪುವುದಿಲ್ಲ. ಅಮೆರಿಕ ಸರ್ಕಾರದ ಮಾನಕ ಸಂಸ್ಥೆಯು 2019ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯಂತೆ, ತಂತ್ರಾಂಶಕ್ಕೆ ತಕ್ಕಂತೆ, ಏಷ್ಯಾ ಮತ್ತು ಆಫ್ರಿಕಾ ಮೂಲದವರ ಮುಖಗಳಲ್ಲಿ ಸುಳ್ಳು ಹೋಲಿಕೆಗಳು ಬಿಳಿಯರಿಗಿಂತ 10ರಿಂದ 100 ಪಟ್ಟು ಹೆಚ್ಚಾಗಿದ್ದುದುಂಟು.

ಷಿಕಾಗೊ ನಗರದಲ್ಲಿ ಬೀದಿಬೀದಿಗಳ ಮೇಲೆ ಧ್ವನಿಗ್ರಾಹಕಗಳನ್ನಿಟ್ಟು ಗುಂಡಿನ ಸದ್ದನ್ನು ಪತ್ತೆಹಚ್ಚುವ ‘ಷಾಟ್‌ಸ್ಪಾಟರ್’ ವ್ಯವಸ್ಥೆಯಿತ್ತು. 2020ರ ಜನವರಿಯಿಂದ 2021ರ ಮೇವರೆಗೆ ಬಂದ 50,176 ಎಚ್ಚರಿಕೆಗಳಲ್ಲಿ ಬಂದೂಕಿನ ಅಪರಾಧಕ್ಕೆ ಪುರಾವೆ ದೊರೆತದ್ದು ಶೇ. 9.1ರಲ್ಲಿ ಮಾತ್ರವೆಂದು ನಗರದ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ವರದಿ ಮಾಡಿತು. ಪುರಾವೆ ಸಿಗದ ಮಾತ್ರಕ್ಕೆ ಗುಂಡು ಹಾರಿರಲಿಲ್ಲವೆನ್ನಲಾಗದು, ನಿಜ. ಆದರೆ ಪ್ರತಿ ಎಚ್ಚರಿಕೆಗೂ ಪೊಲೀಸರು ಅಪಾಯದ ನಿರೀಕ್ಷೆಯಲ್ಲಿ ಧಾವಿಸುತ್ತಾರೆ, ಆ ಹೊತ್ತಿಗೆ ಬೀದಿಯಲ್ಲಿದ್ದವನು ಅವರ ಕಣ್ಣಿಗೆ ಬೀಳುತ್ತಾನೆ. 2024ರಲ್ಲಿ ಷಿಕಾಗೊ ಅದನ್ನು ಕೈಬಿಟ್ಟಿತು.

ಆರೋಪಿ ಮುಂದೆ ಮತ್ತೆ ಅಪರಾಧವೆಸಗುವನೇ ಎಂದು ಅಂಕ ನೀಡುವ ತಂತ್ರಾಂಶಗಳೂ ಇವೆ. ‘ಕಾಂಪಾಸ್’ ಎಂಬ ಅಂಥ ಒಂದರ ಸೂತ್ರವು ಕಂಪೆನಿಯ ವ್ಯಾಪಾರ ರಹಸ್ಯ. ಅದನ್ನು ತಾನು ಪರೀಕ್ಷಿಸಲಾಗದೆಂದು ಆರೋಪಿಯೊಬ್ಬ ಆಕ್ಷೇಪಿಸಿದಾಗ ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ 2016ರಲ್ಲಿ, ಅಂಕವೇ ಶಿಕ್ಷೆಯನ್ನು ನಿರ್ಧರಿಸದಿದ್ದರೆ ಸಾಕು, ನ್ಯಾಯಾಧೀಶರು ಎಚ್ಚರಿಕೆಯಿಂದ ಅದನ್ನು ಗಮನಿಸಬಹುದು ಎಂದಿತು.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಶಿಕ್ಷೆಗೆ ಗುರಿಯಾದ ನಿರಪರಾಧಿಗಳನ್ನು ಬಿಡಿಸಿದ್ದೂ ತಂತ್ರಜ್ಞಾನವೇ. ಡಿಎನ್‌ಎ ಪರೀಕ್ಷೆಯಿಂದ ಅಮೆರಿಕದಲ್ಲಿ ಮೊದಲ ಬಾರಿಗೆ ಒಬ್ಬನ ಶಿಕ್ಷೆ ರದ್ದಾದದ್ದು 1989ರಲ್ಲಿ. ಆ ಬಳಿಕ ಮುನ್ನೂರಕ್ಕೂ ಹೆಚ್ಚು ಮಂದಿ ಹೀಗೆ ದೋಷಮುಕ್ತರಾಗಿದ್ದಾರೆ. ಪೊಲೀಸರ ಕೈಗೆ ಎಷ್ಟು ಬಲ ಕೊಡಬಹುದೆಂಬ ಚರ್ಚೆಯಲ್ಲಿ ನ್ಯಾಯಾಲಯವೂ ಆಗಾಗ ಲಗಾಮು ಹಾಕಿದೆ. ಮೊಬೈಲ್ ಗೋಪುರಗಳ ದಾಖಲೆಯಿಂದ ಒಬ್ಬನ 127 ದಿನಗಳ ಚಲನವಲನವನ್ನು ಪೊಲೀಸರು ಪಡೆದ ಪ್ರಕರಣದಲ್ಲಿ, ಇದಕ್ಕೆ ವಾರಂಟ್ ಅಗತ್ಯವೆಂದು ಸುಪ್ರೀಂ ಕೋರ್ಟ್ 2018ರಲ್ಲಿ ತೀರ್ಪಿತ್ತಿತು.

ಆರೋಪಿಯ ಭಾಷೆ

ಭಾಷಾ ಅಲ್ಪಸಂಖ್ಯಾತರಾದ ನಮಗೆ ಈ ವ್ಯವಸ್ಥೆಯ ಒಂದು ಭಾಗ ಉಳಿದೆಲ್ಲಕ್ಕಿಂತ ಹತ್ತಿರದ್ದಾಗಿ ತೋರುತ್ತದೆ. ಪೋರ್ಟೊ ರಿಕೊದಿಂದ ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲೆಂಡಿಗೆ ಬಂದು ಆಲೂಗಡ್ಡೆ ತುಂಬುವ ಕೆಲಸ ಮಾಡುತ್ತಿದ್ದ ನೆಗ್ರಾನ್ ಎಂಬ ಯುವಕನ ಮೇಲೆ 1967ರಲ್ಲಿ ಕೊಲೆಯ ವಿಚಾರಣೆ ನಡೆಯಿತು. ಆತನಿಗೆ ಇಂಗ್ಲಿಷ್ ಬಾರದು. ನ್ಯಾಯಾಲಯ ಕೊಟ್ಟ ವಕೀಲರಿಗೆ ಸ್ಪ್ಯಾನಿಷ್ ಬಾರದು. ಸಾಕ್ಷಿಗಳಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ನುಡಿದರು. ಸರ್ಕಾರದ ಪರವಾಗಿ ಬಂದಿದ್ದ ದುಭಾಷಿಯು ಬಿಡುವಿನ ವೇಳೆಯಲ್ಲಿ ಕೆಲವು ನಿಮಿಷ ಸಾರಾಂಶ ಹೇಳಿದ್ದೇ ಆತನಿಗೆ ದೊರೆತ ತಿಳಿವಳಿಕೆ. 20 ವರ್ಷಗಳಿಂದ ಜೀವಾವಧಿಯವರೆಗಿನ ಶಿಕ್ಷೆಯಾಯಿತು. 1970ರಲ್ಲಿ ಒಕ್ಕೂಟದ ಮೇಲ್ಮನವಿ ನ್ಯಾಯಾಲಯವು, ತನ್ನ ವಿರುದ್ಧ ನುಡಿದ ಸಾಕ್ಷ್ಯವನ್ನು ತಿಳಿಯಲಾರದವನು ದೇಹದಿಂದ ಮಾತ್ರ ಅಲ್ಲಿದ್ದಂತೆ ಎಂಬ ನಿಲುವು ತಳೆಯಿತು. ದುಭಾಷಿಯನ್ನು ಪಡೆಯುವ ಹಕ್ಕು ಆತನಿಗಿದೆಯೆಂದು ಆತ ಅರಿಯದಿದ್ದರೂ, ಅದನ್ನು ಆತನಿಗೆ ತಿಳಿಸುವ ಹೊಣೆ ನ್ಯಾಯಾಲಯದ್ದು ಎಂದೂ ಹೇಳಿತು.

1978ರಲ್ಲಿ ಒಕ್ಕೂಟ ನ್ಯಾಯಾಲಯಗಳಿಗಾಗಿ ದುಭಾಷಿಗಳ ಕಾಯಿದೆ ಬಂತು. ಒಕ್ಕೂಟದ ಹಣ ಪಡೆಯುವ ಕಚೇರಿಗಳು ಇಂಗ್ಲಿಷ್ ಬಾರದವರಿಗೂ ಸೇವೆ ತಲಪುವಂತೆ ನೋಡಿಕೊಳ್ಳಬೇಕೆಂಬ ಅಧ್ಯಕ್ಷರ ಆದೇಶ 2000ದಲ್ಲಿ ಹೊರಟಿತು. 2025ರ ಮಾರ್ಚ್‌ನಲ್ಲಿ ಇಂಗ್ಲಿಷನ್ನು ಅಧಿಕೃತ ಭಾಷೆಯೆಂದು ಸಾರಿದ ಹೊಸ ಆದೇಶ ಅದನ್ನು ರದ್ದುಗೊಳಿಸಿತು. ನ್ಯಾಯಾಲಯದ ಕಾಯಿದೆ ಇದರಿಂದ ಅಳಿದಿಲ್ಲ. ಆದರೆ ಮಾತು ಕೆಡುವುದು ಬಹಳ ಸಲ ನ್ಯಾಯಾಲಯಕ್ಕೆ ಬರುವ ಮುನ್ನ, ಪೊಲೀಸರ ಮುಂದೆಯೇ.

ಬಂಧಿತನನ್ನು ಪ್ರಶ್ನಿಸುವ ಮುನ್ನ, ಮೌನವಾಗಿರುವ ಹಕ್ಕನ್ನೂ, ಹಣವಿಲ್ಲದಿದ್ದರೆ ಉಚಿತವಾಗಿ ವಕೀಲರು ದೊರೆಯುವರೆಂಬುದನ್ನೂ ತಿಳಿಸಬೇಕೆಂದು 1966ರ ಮಿರಾಂಡಾ ತೀರ್ಪು ವಿಧಿಸಿದೆ. ಪತ್ತೇದಾರರೊಬ್ಬರು ಇದನ್ನು ಸ್ಪ್ಯಾನಿಷಿನಲ್ಲಿ ಹೇಳುವಾಗ ‘ಪುಕ್ಕಟೆ’ ಎನ್ನಬೇಕಾದಲ್ಲಿ ‘ಲಿಬ್ರೆ’ ಎಂದರು. ಇಂಗ್ಲಿಷಿನ ‘ಫ್ರೀ’ ಎರಡನ್ನೂ ಸೂಚಿಸುತ್ತದೆ. ಸ್ಪ್ಯಾನಿಷಿನ ‘ಲಿಬ್ರೆ’ ಎಂದರೆ ಬಿಡುವಾಗಿರುವ, ಸ್ವತಂತ್ರವಾದ ಎಂದಷ್ಟೇ. ವಕೀಲರು ಬಿಡುವಾಗಿದ್ದರೆ ಬರಬಹುದು ಎಂಬಂತಾಯಿತು. ಆ ಎಚ್ಚರಿಕೆ ಸಿಂಧುವಲ್ಲವೆಂದು ಮೇಲ್ಮನವಿ ನ್ಯಾಯಾಲಯ 2013ರಲ್ಲಿ ಹೇಳಿತು.

ಕಾನ್ಸಾಸ್ ರಾಜ್ಯದಲ್ಲಿ 2017ರಲ್ಲಿ ನಡೆದುದರಲ್ಲಿ ಮನುಷ್ಯನ ಬದಲು ಯಂತ್ರವೇ ದುಭಾಷಿ. ಹೆದ್ದಾರಿಯಲ್ಲಿ ಕಾರೊಂದನ್ನು ತಡೆದ ಪೊಲೀಸ್ ಅಧಿಕಾರಿ, ಚಾಲಕನಿಗೆ ಇಂಗ್ಲಿಷ್ ಹೆಚ್ಚು ತಿಳಿಯದೆಂದು ಕಂಡು, ಗೂಗಲ್ ಅನುವಾದದ ಮೂಲಕ ಶೋಧನೆಗೆ ಅನುಮತಿ ಕೇಳಿದರು. ಯಂತ್ರ ಕೊಟ್ಟ ಸ್ಪ್ಯಾನಿಷ್ ವಾಕ್ಯದ ನೇರ ಅರ್ಥ ‘ಕಾರನ್ನು ಹುಡುಕಲೇ’ ಎಂದು. ಕಾರಿನಲ್ಲಿ ಹುಡುಕುವುದಕ್ಕೂ ಕಾರನ್ನು ಹುಡುಕುವುದಕ್ಕೂ ಇರುವ ಅಂತರವನ್ನು ಕನ್ನಡಿಗರಿಗೆ ವಿವರಿಸಬೇಕಿಲ್ಲ. ಚಾಲಕ ಒಪ್ಪಿದಂತೆ ಕಂಡಿತು. ಶೋಧಿಸಿದಾಗ ಮಾದಕವಸ್ತುಗಳು ದೊರೆತವು. ವೃತ್ತಿಪರ ದುಭಾಷಿಗಳು ನ್ಯಾಯಾಲಯಕ್ಕೆ ಬಂದು ಆ ಅನುವಾದದ ದೋಷವನ್ನು ವಿವರಿಸಿದರು. ತಿಳಿದು ಕೊಟ್ಟ ಒಪ್ಪಿಗೆ ಇದಲ್ಲ, ಹಾಗಾಗಿ ಕಾರಿನಲ್ಲಿ ಸಿಕ್ಕಿದ್ದನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಒಕ್ಕೂಟದ ಜಿಲ್ಲಾ ನ್ಯಾಯಾಲಯ 2018ರ ಜೂನ್‌ನಲ್ಲಿ ಆದೇಶಿಸಿತು.