ಆಕಾಶದಲ್ಲೊಂದು ಊರು, 1975

ಆ ಬೇಸಿಗೆಯಲ್ಲಿ ಮೌಂಟನ್ ವ್ಯೂ ಪಕ್ಕದ ನಾಸಾ ಏಮ್ಸ್ ಕೇಂದ್ರ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿ ಹತ್ತು ವಾರ ಅಂತರಿಕ್ಷದ ಊರೊಂದರ ಲೆಕ್ಕ ಹಾಕಿದವು. ತಾಂತ್ರಿಕ ನಿರ್ದೇಶಕ, ಭೌತವಿಜ್ಞಾನಿ ಜೆರಾರ್ಡ್ ಓನೀಲ್. ಕೋಡುಬಳೆಯಾಕಾರ, ಸುಮಾರು 1.8 ಕಿ.ಮೀ. ಅಡ್ಡಳತೆ, 10,000 ಜನ. ನಿಮಿಷಕ್ಕೊಂದು ಸುತ್ತು ತಿರುಗಿದರೆ ಒಳಗಿದ್ದವರಿಗೆ ಭೂಮಿಯ ಮೇಲಿನಷ್ಟೇ ತೂಕ. ಬಿಸಿಲು ಕನ್ನಡಿಯಿಂದ, ಕಟ್ಟುವ ಸಾಮಗ್ರಿ ಬಹುಪಾಲು ಚಂದ್ರನಿಂದ.

ಜನರ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಲೆಕ್ಕವಲ್ಲ, ರಿಕ್ ಗೈಡಿಸ್ ಮತ್ತು ಡಾನ್ ಡೇವಿಸ್ ಬರೆದ ಚಿತ್ರಗಳು. ಓನೀಲರ ಇನ್ನೊಂದು ಕಲ್ಪನೆಯಾದ ಉರುಳೆಯಾಕಾರದ ಊರನ್ನು ಬರೆಯುವಾಗ ಡೇವಿಸ್, ಸಾಸಲಿಟೊದಿಂದ ಕಾಣುವ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯನ್ನೇ ಅಳತೆಗೆ ಇಟ್ಟುಕೊಂಡರು. ಆ ಚಿತ್ರದಲ್ಲಿನ ತೂಗುಸೇತುವೆಯನ್ನು ಹತ್ತಿರದಿಂದ ನೋಡಿ.

ಪುರಾಣದಲ್ಲಿ ತ್ರಿಪುರ ಕಟ್ಟಿದ ಮಯನಿಗೆ ಬಜೆಟ್ಟಿನ ಚಿಂತೆ ಇರಲಿಲ್ಲ. ಇಲ್ಲಿ 1977ರಲ್ಲಿ ವರದಿಯೇನೋ ಅಚ್ಚಾಯಿತು. ಊರು ಕಾಗದ ಬಿಟ್ಟು ಏಳಲಿಲ್ಲ.