ಸಂಭಾವನೆಯೇ ಬಂಡವಾಳ: ಟಿ.ಎನ್. ಬಾಲಕೃಷ್ಣ ಮತ್ತು ಕನ್ನಡದ ನಟ-ನಿರ್ಮಾಪಕ

ಮಾಗಡಿ ರಸ್ತೆಯ ಹೇರೋಹಳ್ಳಿಯಿಂದ ಕೆಂಗೇರಿಯ ಮೈಲಸಂದ್ರದವರೆಗೆ ಚಾಚಿರುವ ಬೆಂಗಳೂರಿನ ಪಡುವಣ ಅಂಚು ಇಂದು ಬಡಾವಣೆಗಳಿಂದ ಕಿಕ್ಕಿರಿದಿದೆ. ಅರುವತ್ತರ ದಶಕದಲ್ಲಿ ಇದು ಕೆರೆ, ಹೊಲ, ತೋಪುಗಳ ಸೀಮೆ. ಇಲ್ಲೊಂದು ಚಿತ್ರನಗರಿ ಎದ್ದು ನಿಲ್ಲಬೇಕೆಂದು ಹಟ ಹಿಡಿದವರು ಬಂಡವಾಳಗಾರರಲ್ಲ, ದಿನದ ದುಡಿಮೆಯನ್ನೇ ನಂಬಿದ್ದ ಒಬ್ಬ ಪೋಷಕ ನಟ: ಟಿ.ಎನ್. ಬಾಲಕೃಷ್ಣ. ಅವರ ವೃತ್ತಿಜೀವನದ ಮೂಲಕ ಕನ್ನಡದ ನಟ-ನಿರ್ಮಾಪಕರ ಆರ್ಥಿಕ ನೆಲೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅರಸೀಕೆರೆಯ ಬಾಲಕೃಷ್ಣ ವೃತ್ತಿರಂಗಭೂಮಿಯಿಂದ ಬಂದವರು. ಕಿವಿ ಕೇಳಿಸುತ್ತಿರಲಿಲ್ಲ. ಎದುರಿನವರ ತುಟಿಚಲನೆಯನ್ನು ಗಮನಿಸಿ ತಮ್ಮ ಮಾತಿನ ಸರದಿಯನ್ನು ಗುರುತಿಸಿಕೊಳ್ಳುತ್ತಿದ್ದರು. ಚಿತ್ರರಂಗಕ್ಕೆ ಅವರು ಕಾಲಿಟ್ಟದ್ದು 1943ರ 'ರಾಧಾರಮಣ'ದಲ್ಲಿ, ಜಿ.ವಿ. ಅಯ್ಯರ್ ಅವರಿಗೂ ಅದೇ ಮೊದಲ ಚಿತ್ರ. ಅದನ್ನು ನಿರ್ಮಿಸಿದವರು ನಟಿ ಎಂ.ವಿ. ರಾಜಮ್ಮ. ಹೀಗೆ ನಟರೇ ಹಣ ಹೂಡಿ ಚಿತ್ರ ತೆಗೆಯುವ ಪರಿಪಾಠವನ್ನು ಬಾಲಕೃಷ್ಣ ತಮ್ಮ ಮೊದಲ ಹೆಜ್ಜೆಯಲ್ಲೇ ಕಂಡಿದ್ದರು. ಇದಕ್ಕೆ ಬೇರು ನಾಟಕ ಕಂಪನಿಯಲ್ಲಿದೆ. ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಮಾಲೀಕರೇ ಬಣ್ಣ ಹಚ್ಚಿ ರಂಗಕ್ಕೆ ಬರುತ್ತಿದ್ದರು. ಗಲ್ಲಾಪೆಟ್ಟಿಗೆಗೂ ರಂಗಕ್ಕೂ ನಡುವೆ ಗೋಡೆ ಇರಲಿಲ್ಲ.

ಐವತ್ತರ ದಶಕದಲ್ಲಿ ಕನ್ನಡ ಚಿತ್ರಗಳು ಬಹುಪಾಲು ಮದರಾಸಿನಲ್ಲೇ ತಯಾರಾಗುತ್ತಿದ್ದವು. ಫ್ಲೋರ್, ಲ್ಯಾಬ್, ಧ್ವನಿಮುದ್ರಣ ಎಲ್ಲವೂ ಅಲ್ಲೇ. ಕನ್ನಡ ಚಿತ್ರಗಳ ಸಂಖ್ಯೆ ಕಡಿಮೆ, ಕಲಾವಿದರಿಗೆ ಕೆಲಸವೂ ಕಡಿಮೆ. ಈ ಇಕ್ಕಟ್ಟಿನಲ್ಲಿ ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್, ಬಾಲಕೃಷ್ಣ ಸೇರಿ ಕನ್ನಡ ಚಲನಚಿತ್ರ ಕಲಾವಿದರ ಸಂಘ ಕಟ್ಟಿದರು. ಊರೂರು ತಿರುಗಿ ನಾಟಕವಾಡಿದರು. ಬಳಿಕ ಮೈಸೂರಿನ ಅರಸನ ಕಥೆಯನ್ನು ಎತ್ತಿಕೊಂಡು 'ರಣಧೀರ ಕಂಠೀರವ'ವನ್ನು ನಿರ್ಮಿಸಿದರು. ಎನ್.ಸಿ. ರಾಜನ್ ನಿರ್ದೇಶಿಸಿದ ಆ ಚಿತ್ರ 1960ರಲ್ಲಿ ತೆರೆಕಂಡಿತು. ಇದನ್ನು ಕನ್ನಡಾಭಿಮಾನದ ಕಥೆಯಾಗಿ ಹೇಳುವುದು ರೂಢಿ. ಅಭಿಮಾನವೇನೋ ನಿಜ, ಆದರೆ ಅದರ ಲೆಕ್ಕಾಚಾರವೂ ಅಷ್ಟೇ ಗಮನಾರ್ಹ. ನಾಯಕ, ಹಾಸ್ಯನಟ, ಖಳ, ಬರಹಗಾರ ಎಲ್ಲರೂ ಪಾಲುದಾರರೇ ಆದಾಗ ಚಿತ್ರದ ದೊಡ್ಡ ಖರ್ಚೊಂದು ಕೈಸಾಲವಿಲ್ಲದೆ ತೀರುತ್ತದೆ. ಸಂಭಾವನೆಯನ್ನು ಪಡೆಯದೆ ಬಿಟ್ಟದ್ದೇ ಅಲ್ಲಿ ಬಂಡವಾಳ.

ನಟ-ನಿರ್ಮಾಪಕ ಕನ್ನಡದಲ್ಲಿ 'ಮಾಜಿ ನಟ'ನಾದದ್ದು ಅಪರೂಪ, ಯಾಕೆಂದರೆ ನಟನೆ ಬಿಟ್ಟರೆ ಹೂಡಲು ಹಣವೇ ಇರುವುದಿಲ್ಲ. ದ್ವಾರಕೀಶ್ 1969ರಲ್ಲಿ 'ಮೇಯರ್ ಮುತ್ತಣ್ಣ' ತೆಗೆದರು. ನಿರ್ದೇಶಕರಾಗಿ ಸಿದ್ದಲಿಂಗಯ್ಯನವರಿಗೆ ಅದು ಮೊದಲ ಚಿತ್ರ. ಪೈಲ್ವಾನ್ ಎಂ.ಪಿ. ಶಂಕರ್ 1973ರಲ್ಲಿ 'ಗಂಧದ ಗುಡಿ' ನಿರ್ಮಿಸಿದರು. ಇಬ್ಬರೂ ಬಣ್ಣ ಹಚ್ಚುವುದನ್ನು ಬಿಡಲಿಲ್ಲ. ಒಂದು ಚಿತ್ರ ಸೋತರೆ ಬೇರೆಯವರ ಚಿತ್ರಕ್ಕೆ ಕಾಲ್‌ಶೀಟ್ ಕೊಟ್ಟು ಸಾಲ ತೀರಿಸಬಹುದಿತ್ತು. ಗೆದ್ದರೆ ಹಂಚಿಕೆದಾರರ ಮುಂಗಡ ತಾನಾಗಿ ಬರುತ್ತಿತ್ತು. ದ್ವಾರಕೀಶರ ದೀರ್ಘ ಏಳುಬೀಳು, 2004ರ 'ಆಪ್ತಮಿತ್ರ'ದ ಮರುಹುಟ್ಟು, ಎಲ್ಲವೂ ಈ ಚಕ್ರದೊಳಗಿನವೇ.

ಬಾಲಕೃಷ್ಣ ಈ ಚಕ್ರದಿಂದ ಹೊರಗೆ ಹೆಜ್ಜೆಯಿಟ್ಟರು. ಕನ್ನಡ ಚಿತ್ರಗಳು ಕನ್ನಡ ನೆಲದಲ್ಲೇ ತಯಾರಾಗಬೇಕೆಂದು ಮೈಲಸಂದ್ರದಲ್ಲಿ ಸರ್ಕಾರದಿಂದ ಮಂಜೂರಾದ 20 ಎಕರೆ ಜಮೀನಿನಲ್ಲಿ ಅಭಿಮಾನ್ ಸ್ಟುಡಿಯೊ ಕಟ್ಟಲು ಹೊರಟರು. 'ಬಂಗಾರದ ಮನುಷ್ಯ'ದ ರಾಚೂಟಪ್ಪನಂಥ ಪಾತ್ರಗಳಿಂದ, ನೂರಾರು ಚಿತ್ರಗಳ ದುಡಿಮೆಯಿಂದ ಬಂದದ್ದು ಆ ನೆಲಕ್ಕೆ ಸುರಿಯಿತು. ನನ್ನ ಮಟ್ಟಿಗೆ ಇದು ಕನ್ನಡ ಚಿತ್ರರಂಗದ ಅತ್ಯಂತ ಧೀರ ಹೂಡಿಕೆ, ಅತ್ಯಂತ ನೋವಿನದೂ ಹೌದು. ಚಿತ್ರವೊಂದು ಕೆಲವೇ ತಿಂಗಳಲ್ಲಿ ತನ್ನ ಫಲವನ್ನು ತೋರಿಸಿಬಿಡುತ್ತದೆ. ಸ್ಟುಡಿಯೊಗೆ ಹಾಗಲ್ಲ. ಫ್ಲೋರ್ ಖಾಲಿ ಬಿದ್ದಿದ್ದರೂ ಚಾವಣಿ ಸೋರುತ್ತದೆ, ಕಾವಲುಗಾರನಿಗೆ ಸಂಬಳ ಕೊಡಬೇಕಾಗುತ್ತದೆ, ದೀಪದ ಸಲಕರಣೆ ಹಳತಾಗುತ್ತದೆ. ಪೋಷಕ ನಟನ ಸಂಭಾವನೆ ಎಂಥ ಚಿತ್ರವನ್ನಾದರೂ ತಾಳಿಕೊಂಡೀತು, ಕಟ್ಟಡವನ್ನು ತಾಳಿಕೊಳ್ಳದು.

ಕಾಲವೂ ಅವರಿಗೆ ಎದುರಾಯಿತು. 1967ರ 'ಬೆಳ್ಳಿಮೋಡ'ದಲ್ಲಿ ಪುಟ್ಟಣ್ಣ ಕಣಗಾಲ್ ಮಲೆನಾಡಿನ ಹೊರಾಂಗಣವನ್ನು ತೋರಿಸಿದ ಮೇಲೆ ಕನ್ನಡ ಚಿತ್ರ ಸೆಟ್ಟಿನಿಂದ ಬಯಲಿಗೆ ಇಳಿಯತೊಡಗಿತು. ರಾಜ್ಯ ಸರ್ಕಾರದ ಸಹಾಯಧನ ಚಿತ್ರೀಕರಣವನ್ನು ಕರ್ನಾಟಕಕ್ಕೆ ಎಳೆಯಿತು ನಿಜ. ಆದರೆ ಹಾಗೆ ಬಂದವರಲ್ಲಿ ಬಹಳ ಮಂದಿ ಬಾಡಿಗೆ ಬಂಗಲೆ, ತೋಟ, ಬೀದಿಗಳನ್ನು ನೆಚ್ಚಿಕೊಂಡರು. ಸೆಟ್ ಬೇಕಾದವರಿಗೆ ಮೈಸೂರಿನ ಪ್ರೀಮಿಯರ್ ಇತ್ತು. 1966ರಲ್ಲಿ ಸ್ಥಾಪನೆಯಾದ ಸರ್ಕಾರಿ ಸ್ವಾಮ್ಯದ ಕಂಠೀರವ ಇತ್ತು. ಡಬ್ಬಿಂಗ್, ಸಂಸ್ಕರಣೆಗಳಿಗಾಗಿ ಮದರಾಸಿನ ರೈಲು ಹತ್ತುವುದು ಇನ್ನೂ ಬಹುಕಾಲ ತಪ್ಪಲಿಲ್ಲ. ಎಂಬತ್ತರ ದಶಕದಲ್ಲಿ ಇನ್ನೊಬ್ಬ ನಟ-ನಿರ್ಮಾಪಕ ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಧ್ವನಿಮುದ್ರಣ ಕೇಂದ್ರ ಆರಂಭಿಸಿದ್ದು ಈ ಕೊರತೆಯನ್ನು ಅರಿತೇ. ಅವರು ಹುಡುಕಿಕೊಂಡದ್ದು ಎಕರೆಗಟ್ಟಲೆ ನೆಲ ಬೇಡದ ಯಂತ್ರವನ್ನು. ಬಾಲಕೃಷ್ಣರ ಪೀಳಿಗೆಗೆ ಸಿನಿಮಾ ಎಂದರೆ ಮದರಾಸಿನಲ್ಲಿ ಕಂಡ ಎತ್ತರದ ಗೋಡೆಗಳ ಸ್ಟುಡಿಯೊ. ಅವರು ಅದನ್ನೇ ತಾಯ್ನೆಲದಲ್ಲಿ ಕಟ್ಟಬಯಸಿದ್ದು ಸಹಜವಾಗಿತ್ತು.

ಬಾಲಕೃಷ್ಣ 1995ರಲ್ಲಿ ತೀರಿಕೊಂಡರು. ಅಷ್ಟು ಹೊತ್ತಿಗೆ ನಗರ ಕೆಂಗೇರಿಯನ್ನು ಮುಟ್ಟಿತ್ತು, ನೆಲದ ಬೆಲೆ ಸ್ಟುಡಿಯೊದ ಆದಾಯವನ್ನು ಮೀರಿ ಬೆಳೆಯುತ್ತಿತ್ತು. 2009ರ ಡಿಸೆಂಬರ್‌ನಲ್ಲಿ ವಿಷ್ಣುವರ್ಧನ್ ಅವರ ಅಂತ್ಯಕ್ರಿಯೆ ಅಭಿಮಾನ್ ಆವರಣದಲ್ಲಿ ನಡೆದ ಮೇಲೆ ಅದೇ ನೆಲ ಅಭಿಮಾನಿಗಳ ಭಾವನೆಗೂ ಆಸ್ತಿಯ ವ್ಯಾಜ್ಯಕ್ಕೂ ಕಣವಾಯಿತು. ವಿಷ್ಣುವರ್ಧನ್ ಅವರ ಸರ್ಕಾರಿ ಸ್ಮಾರಕ ಮೈಸೂರಿನಲ್ಲಿ ನಿರ್ಮಾಣವಾಗಿ 2023ರಲ್ಲಿ ಉದ್ಘಾಟನೆಯಾಯಿತು. ಮೈಲಸಂದ್ರದ ಸಮಾಧಿಯನ್ನು 2025ರ ಆಗಸ್ಟ್‌ನಲ್ಲಿ ತೆರವುಗೊಳಿಸಲಾಯಿತು. 2006ರಲ್ಲಿ ರಾಜ್‌ಕುಮಾರ್ ಅವರ ಅಂತ್ಯಕ್ರಿಯೆ ನಡೆದ ಕಂಠೀರವ ಸ್ಟುಡಿಯೊದಲ್ಲಿ ಇಂಥ ಒಡೆತನದ ಜಗಳ ಏಳಲಿಲ್ಲ, ಏಕೆಂದರೆ ಆ ಜಾಗ ಯಾವ ಒಬ್ಬ ನಟನ ದುಡಿಮೆಯ ಮೇಲೂ ನಿಂತಿರಲಿಲ್ಲ, ಯಾವ ಮನೆತನಕ್ಕೂ ಪಾಲಾಗಿ ಹೋಗುವಂತಿರಲಿಲ್ಲ. ಅರುವತ್ತು ವರ್ಷಗಳಿಗೂ ಹಿಂದೆ 'ರಣಧೀರ ಕಂಠೀರವ'ಕ್ಕೆ ಹೆಗಲು ಕೊಟ್ಟ ಕಲಾವಿದರ ಸಂಘದಂಥ ಪಾಲುದಾರಿಕೆ ಅಭಿಮಾನ್ ಸ್ಟುಡಿಯೊಗೂ ಇದ್ದಿದ್ದರೆ, ಬಾಲಕೃಷ್ಣ ಆ ಭಾರವನ್ನು ಒಬ್ಬರೇ ಹೊರಬೇಕಾಗುತ್ತಿರಲಿಲ್ಲ.