ಮುಟ್ಟು ನಿಂತ ಮೇಲಿನ ಉರಿ: ಪಂಪ್‌ವೆಲ್‌ನಲ್ಲಿ ಮಡಚಿಟ್ಟ ಒಂದು ಚೀಟಿಯ ಚರಿತ್ರೆ

ಪಂಪ್‌ವೆಲ್ ಅಂದರೆ ನಮ್ಮಂಥ ಸ್ಟ್ರಿಂಗರ್‌ಗಳಿಗೆ ಎರಡೇ ಸುದ್ದಿ. ಒಂದು, ಹತ್ತು ವರ್ಷ ಎಳೆದು 2020ರ ಜನವರಿಯಲ್ಲಿ ಸಂಚಾರಕ್ಕೆ ತೆರೆದ ಫ್ಲೈಓವರ್. ಇನ್ನೊಂದು, ಜೋರು ಮಳೆ ಬಂದಾಗ ಅದರಡಿ ನಿಲ್ಲುವ ನೀರು. ಈ ಎರಡರ ಬಗ್ಗೆ ನಾನು ಕಳಿಸಿದ ಸಾಲುಗಳಿಗೆ ಲೆಕ್ಕವಿಲ್ಲ. ಕಳೆದ ಮಳೆಗಾಲದಲ್ಲಿ ಅಲ್ಲೇ ಬಿ.ಸಿ.ರೋಡ್ ಬಸ್ಸಿಗೆ ಕಾಯುತ್ತಿದ್ದಾಗ, ನಾನು ಎಂದೂ ಬರೆಯದಿದ್ದ ಒಂದು ಸುದ್ದಿ ನನ್ನ ದೊಡ್ಡಮ್ಮನ ಬ್ಯಾಗಿನಲ್ಲಿತ್ತು.

ದೊಡ್ಡಮ್ಮನಿಗೆ ಅರವತ್ತೊಂದು. ಅವರನ್ನು ಡಾಕ್ಟರಿಗೆ ತೋರಿಸಿ ಬರುತ್ತಿದ್ದೆವು. ರಸ್ತೆ ಬದಿಯ ಮೆಡಿಕಲ್‌ಗೆ ಹೋದವರು ಎರಡೇ ನಿಮಿಷದಲ್ಲಿ ಬರಿಗೈಯಲ್ಲಿ ವಾಪಸ್ ಬಂದರು.

"ಮದ್ದು ಇಲ್ವಂತಾ?" ಎಂದೆ.

"ಉಂಟೋ ಇಲ್ವೋ, ನಾನು ಕೇಳ್ಲಿಲ್ಲ. ಆ ಹುಡುಗನತ್ರ ಹೇಗೆ ಕೇಳುದು ಮಾರಾಯ್ತಿ? ನನ್ನ ಸಣ್ಣ ಮಗನಿಗಿಂತ ಚಿಕ್ಕವ ಅವ."

ಚೀಟಿ ಬಿಡಿಸಿ ನೋಡಿದೆ. ಈಸ್ಟ್ರಿಯಾಲ್ ಕ್ರೀಮ್, ಯೋನಿಯೊಳಗೆ ಹಚ್ಚುವ ಮುಲಾಮು. "ನಾನು ತರ್ತೇನೆ" ಎಂದು ಧೈರ್ಯದಲ್ಲಿ ಹೋದವಳು, ಕೌಂಟರಿನಲ್ಲಿ ಬಾಯಿ ಬಿಡಲಿಲ್ಲ. ಚೀಟಿ ದೂಡಿದೆ, ದುಡ್ಡು ಕೊಟ್ಟೆ. ಅವನೂ ಮಾತಾಡದೆ ಪೇಪರಿನಲ್ಲಿ ಸುತ್ತಿ ಕೊಟ್ಟ. ಊರಿನ ಸುದ್ದಿಯನ್ನೆಲ್ಲ ಮೈಕ್ ಹಿಡಿದು ಕೇಳುವವಳು ನಾನು.

ಬಸ್ಸಿನಲ್ಲಿ ದೊಡ್ಡಮ್ಮ ಸಣ್ಣ ದನಿಯಲ್ಲಿ ಹೇಳಿದರು. ಆರು ವರ್ಷದಿಂದ ಒಣಗಿದ ಹಾಗೆ, ತುರಿಕೆ, ಉರಿ. ದೊಡ್ಡಪ್ಪನ ಹತ್ತಿರ ಮಲಗುವುದೆಂದರೆ ಭಯ, ಅಷ್ಟು ನೋವು. ವರ್ಷಕ್ಕೆ ನಾಲ್ಕೈದು ಸಲ ಉರಿಮೂತ್ರ. ಪ್ರತಿ ಸಲ ಊರ ಹತ್ತಿರದ ಒಂದು ಕ್ಲಿನಿಕ್ಕಿನಲ್ಲಿ ಐದು ದಿನದ ಆ್ಯಂಟಿಬಯೋಟಿಕ್. ಮುಟ್ಟು ನಿಂತು ಎಷ್ಟು ವರ್ಷವಾಯಿತು ಎಂದು ಅಲ್ಲಿ ಒಮ್ಮೆಯೂ ಕೇಳಲಿಲ್ಲ. ಮದುವೆ ಮನೆಗೆ ಹೋಗುವುದನ್ನೇ ಅವರು ಕಡಿಮೆ ಮಾಡಿದ್ದರು.

ಮನೆಗೆ ಬಂದು ಮುಲಾಮಿನ ಡಬ್ಬಿಯೊಳಗಿನ ಕಾಗದ ಓದಿದರು. ಅದರಲ್ಲಿ ಕ್ಯಾನ್ಸರ್ ಎಂಬ ಪದ ಇತ್ತು. ಡಬ್ಬಿ, ಚೀಟಿ ಎರಡೂ ಕಪಾಟಿನ ಸೀರೆಯಡಿ ಸೇರಿದವು. "ಉರಿಯೇ ಸಾಕು, ಕ್ಯಾನ್ಸರ್ ಬೇಡ" ಎಂದರು.

ಆ ಪದ ಆ ಕಾಗದದೊಳಗೆ ಹೇಗೆ ಬಂತು? ಹುಡುಕುತ್ತ ಹೋದಾಗ ಸಿಕ್ಕಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೆರಿಗೆಗೆ ಬಾಗಿಲಿತ್ತು

ಮುಟ್ಟು ನಿಲ್ಲುವುದು ಹೊಸ ವಿಷಯವೇನಲ್ಲ. ಹನ್ನೆರಡರ ಹೊತ್ತಿಗೆ ಶುರುವಾಗಿ ಐವತ್ತರ ಹೊತ್ತಿಗೆ ನಿಲ್ಲುತ್ತದೆ ಎಂದು ಸುಶ್ರುತ ಸಂಹಿತೆ ಹೇಳಿದೆ. ಚರಕ ಸಂಹಿತೆ ಪಟ್ಟಿ ಮಾಡಿದ ಇಪ್ಪತ್ತು ಯೋನಿರೋಗಗಳಲ್ಲಿ ಒಂದರ ಹೆಸರೇ 'ಶುಷ್ಕಾ', ಅಂದರೆ ಒಣಗಿದ್ದು. ಅದರ ಕಾರಣವನ್ನು ಅವರು ಬೇರೆಯೇ ಹೇಳಿದ್ದಾರೆ, ಆದರೆ ತೊಂದರೆಗೆ ಹೆಸರಿತ್ತು. ಯುರೋಪಿನಲ್ಲಿ 'ಮೆನೋಪಾಸ್' ಎಂಬ ಪದವನ್ನು 1821ರಲ್ಲಿ ಬಳಕೆಗೆ ತಂದವನು ಗಾರ್ಡಾನ್ ಎಂಬ ಫ್ರೆಂಚ್ ವೈದ್ಯ.

ನಮ್ಮ ಕರಾವಳಿಗೆ ಆಸ್ಪತ್ರೆ ಬೇಗ ಬಂತು. ಪಂಪ್‌ವೆಲ್‌ನಿಂದ ನಡೆದು ಹೋಗುವಷ್ಟು ದೂರದ ಕಂಕನಾಡಿಯಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ 1880ರಲ್ಲೇ ಹೋಮಿಯೋಪಥಿ ಮದ್ದು ಕೊಡತೊಡಗಿದರು. 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಉಡುಪಿಯಲ್ಲಿ ಹೆಂಗಸರು, ಮಕ್ಕಳಿಗಾಗಿ ಆಸ್ಪತ್ರೆ ತೆರೆದರು. ದಕ್ಷಿಣ ಕನ್ನಡ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲದ ಗವರ್ನರ್ ಒಬ್ಬರ ಪತ್ನಿಯ ಹೆಸರು ಹೊತ್ತ ಲೇಡಿಗೋಶನ್, ಈಗಲೂ ಮೂರ್ನಾಲ್ಕು ಜಿಲ್ಲೆಯ ಬಡವರ ಹೆರಿಗೆ ಆಸ್ಪತ್ರೆ. ನಾನು ಹುಟ್ಟಿದ್ದೂ ಅಲ್ಲೇ. ಇವೆಲ್ಲ ಸೇರಿ ಹೆಣ್ಣಿನ ಒಂದು ದಾರಿಯನ್ನು ಸುಲಭ ಮಾಡಿದವು: ಬಸುರು, ಹೆರಿಗೆ, ಬಾಣಂತನ. ಇವತ್ತು ಬಸುರಾದರೆ ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ತಾಯಿ ಕಾರ್ಡ್ ಸಿಗುತ್ತದೆ. ಮುಟ್ಟು ನಿಂತವಳಿಗೆ ಯಾವ ಕಾರ್ಡೂ ಇಲ್ಲ.

ಕನ್ನಡದಲ್ಲಿ ಹೆಂಗಸರ ಆರೋಗ್ಯದ ಬಗ್ಗೆ ಮುಚ್ಚುಮರೆಯಿಲ್ಲದೆ ಬರೆದವರಲ್ಲಿ ಮೊದಲು ನೆನಪಾಗುವವರು ವೈದ್ಯೆ, ಕಾದಂಬರಿಕಾರ್ತಿ ಅನುಪಮಾ ನಿರಂಜನ (1934–1991). ಹೆಚ್ಚು ಮನೆಗಳಿಗೆ ಹೋದ ಅವರ ಪುಸ್ತಕಗಳ ಹೆಸರು ನೋಡಿ: 'ವಧುವಿಗೆ ಕಿವಿಮಾತು', 'ತಾಯಿ ಮಗು', 'ದಾಂಪತ್ಯ ದೀಪಿಕೆ'. ಮದುವೆಯ ಉಡುಗೊರೆಯಾಗಿ ಕೊಡಬಹುದಾದವು. ಐವತ್ತು ದಾಟಿದವಳಿಗೆ ಕಿವಿಮಾತು ಉಡುಗೊರೆ ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲ. ಭಾರತದಲ್ಲಿ ಮುಟ್ಟು ನಿಲ್ಲುವ ಸರಾಸರಿ ವಯಸ್ಸು 46–47 ಎನ್ನುತ್ತಾರೆ. ಎಪ್ಪತ್ತರವರೆಗೆ ಬದುಕಿದರೂ ಅಲ್ಲಿಂದ ಮುಂದೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಬಾಳಿದೆ.

ಒಣಗುವುದು ಯಾಕೆ

ಈ ತೊಂದರೆಯ ಮದ್ದು ಈಸ್ಟ್ರೋಜನ್ ಹಾರ್ಮೋನ್. ತಮಾಷೆಯೆಂದರೆ, ಆ ಹಾರ್ಮೋನ್ ಪತ್ತೆಯಾದದ್ದೇ ಯೋನಿಯ ಒಳಪದರ ನೋಡಿ. 1917ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟಾಕರ್ಡ್ ಮತ್ತು ಪಾಪಾನಿಕೊಲಾವ್, ಗಿನಿಪಿಗ್‌ಗಳ ಯೋನಿಯ ಜೀವಕೋಶಗಳು ಋತುಚಕ್ರಕ್ಕೆ ತಕ್ಕಂತೆ ಬದಲಾಗುವುದನ್ನು ಕಂಡರು. 1923ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಎಡ್ಗರ್ ಅಲೆನ್ ಮತ್ತು ಎಡ್ವರ್ಡ್ ಡಾಯ್ಸಿ, ಹಂದಿಯ ಅಂಡಾಶಯದ ದ್ರವವನ್ನು ಅಂಡಾಶಯ ತೆಗೆದ ಇಲಿಗಳಿಗೆ ಚುಚ್ಚಿದರು. ತೆಳುವಾಗಿದ್ದ ಒಳಪದರ ಮತ್ತೆ ದಪ್ಪವಾಯಿತು. ದ್ರವದಲ್ಲಿ ಹಾರ್ಮೋನ್ ಇದೆಯೋ ಇಲ್ಲವೋ ಎಂಬುದಕ್ಕೆ ಅದೇ ಪರೀಕ್ಷೆಯಾಯಿತು. 1929ರಲ್ಲಿ ಡಾಯ್ಸಿ, ಜರ್ಮನಿಯಲ್ಲಿ ಬುಟೆನಾಂಟ್, ಇಬ್ಬರೂ ಬೇರೆ ಬೇರೆಯಾಗಿ ಈಸ್ಟ್ರೋನ್ ಎಂಬ ಹಾರ್ಮೋನನ್ನು ಶುದ್ಧರೂಪದಲ್ಲಿ ತೆಗೆದರು.

ಹಾಗಾಗಿ ದೊಡ್ಡಮ್ಮನ ದೇಹದಲ್ಲಿ ಆದದ್ದು ಗುಟ್ಟೇನಲ್ಲ. ಈಸ್ಟ್ರೋಜನ್ ಇರುವಾಗ ಒಳಪದರ ದಪ್ಪಗೆ, ತೇವವಾಗಿರುತ್ತದೆ. ಅದರಲ್ಲಿರುವ ಗ್ಲೈಕೋಜನ್ ಎಂಬ ಸಕ್ಕರೆ ಅಂಶದ ಆಸರೆಯಲ್ಲಿ ಲ್ಯಾಕ್ಟೋಬ್ಯಾಸಿಲಸ್ ಬದುಕುತ್ತದೆ, ಅದು ಮೊಸರು ಮಾಡುವ ಬ್ಯಾಕ್ಟೀರಿಯಾದ ಬಳಗದ್ದೇ. ಅದು ಹುಳಿ ಬಿಟ್ಟು ಬೇರೆ ರೋಗಾಣುಗಳನ್ನು ದೂರ ಇಡುತ್ತದೆ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಪದರ ತೆಳುವಾಗುತ್ತದೆ, ಹುಳಿ ಕಡಿಮೆಯಾಗುತ್ತದೆ. ಮೂತ್ರದ ದಾರಿಗೂ ಇದೇ ಪಾಡು. ಮೈ ಬಿಸಿಯೇರುವ ತೊಂದರೆ ಹೆಚ್ಚಿನವರಿಗೆ ಕೆಲವು ವರ್ಷದಲ್ಲಿ ತಗ್ಗುತ್ತದೆ. ಒಣಗುವ ತೊಂದರೆ ಹಾಗಲ್ಲ, ಸುಮ್ಮನಿದ್ದರೆ ಹೆಚ್ಚುತ್ತಲೇ ಹೋಗಬಹುದು. ಮುಟ್ಟು ನಿಂತವರಲ್ಲಿ ಅರ್ಧದಷ್ಟು ಮಂದಿಗೆ ಇದು ಒಂದಲ್ಲ ಒಂದು ರೂಪದಲ್ಲಿ ಬರುತ್ತದೆ.

ಆ ಪದ ಬಂದ ದಾರಿ

1940ರ ದಶಕದ ಆರಂಭದಲ್ಲಿ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದ ಪ್ರೆಮರಿನ್ ಎಂಬ ಮಾತ್ರೆ ಅಮೆರಿಕದ ಮಾರುಕಟ್ಟೆಗೆ ಬಂತು. 1966ರಲ್ಲಿ ರಾಬರ್ಟ್ ವಿಲ್ಸನ್ ಎಂಬ ವೈದ್ಯ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದು, ಮುಟ್ಟು ನಿಲ್ಲುವುದೇ ಒಂದು ಕೊರತೆಯ ಕಾಯಿಲೆ, ಮಾತ್ರೆ ತಿಂದರೆ ಯೌವನ ಉಳಿಯುತ್ತದೆ ಎಂದ. ಔಷಧ ಕಂಪನಿಗಳ ಹಣ ಅವನಿಗೆ ಸಂದಿತ್ತೆಂಬುದು ಆಮೇಲೆ ಹೊರಬಂತು. ಮಾತ್ರೆ ಭರ್ಜರಿ ಓಡಿತು. 1975ರಲ್ಲಿ, ಗರ್ಭಕೋಶ ಇರುವವರು ಬರೀ ಈಸ್ಟ್ರೋಜನ್ ಮಾತ್ರೆ ನುಂಗಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆಂದು ಗೊತ್ತಾಯಿತು. ಅದನ್ನು ತಡೆಯಲು ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಸೇರಿಸಿದರು.

2002ರ ಜುಲೈಯಲ್ಲಿ ಎರಡನೇ ಹೊಡೆತ. ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಎಂಬ ಅಮೆರಿಕದ ದೊಡ್ಡ ಅಧ್ಯಯನದಲ್ಲಿ 16,608 ಮಹಿಳೆಯರ ಒಂದು ಪ್ರಯೋಗವನ್ನು ಅರ್ಧದಲ್ಲೇ ನಿಲ್ಲಿಸಿದರು. ಎರಡೂ ಹಾರ್ಮೋನಿನ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ 10,000 ಮಂದಿಗೆ ವರ್ಷಕ್ಕೆ 30 ಇರುವ ಕಡೆ 38 ಕಂಡಿತ್ತು. ಪತ್ರಿಕೆಗಳಲ್ಲಿ ಉಳಿದದ್ದು ಹಾರ್ಮೋನ್ ಅಂದರೆ ಕ್ಯಾನ್ಸರ್ ಎಂಬ ಒಂದೇ ಸಾಲು. ತಲೆಬರಹ ಕೊಡುವ ವೃತ್ತಿಯವಳಾಗಿ ನನಗೆ ಅದು ಹೇಗಾಯಿತೆಂದು ಊಹಿಸಲು ಕಷ್ಟವಿಲ್ಲ.

ಆ ಪ್ರಯೋಗ ನಡೆದದ್ದು ನುಂಗುವ ಮಾತ್ರೆಯ ಮೇಲೆ. ಮುಲಾಮು ಬೇರೆ. ಅಲ್ಲಲ್ಲೇ ಕೆಲಸ ಮಾಡುವ ಅದರ ಪ್ರಮಾಣ ತೀರಾ ಕಡಿಮೆ, ರಕ್ತಕ್ಕೆ ಸೇರುವುದು ಅತ್ಯಲ್ಪ. ಆದರೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಲ್ಲ ಈಸ್ಟ್ರೋಜನ್ ಮದ್ದಿಗೂ ಒಂದೇ ಎಚ್ಚರಿಕೆ ಅಂಟಿಸಿತು. 2018ರಲ್ಲಿ ಪ್ರಕಟವಾದ, ಅದೇ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್‌ನ ಇನ್ನೊಂದು ವರದಿಯಲ್ಲಿ, ಯೋನಿಯಲ್ಲಿ ಈಸ್ಟ್ರೋಜನ್ ಬಳಸಿದವರಿಗೆ ಸ್ತನ ಕ್ಯಾನ್ಸರ್, ಹೃದ್ರೋಗದ ಅಪಾಯ ಹೆಚ್ಚಿದ್ದು ಕಾಣಲಿಲ್ಲ. 2025ರ ನವೆಂಬರ್‌ನಲ್ಲಿ ಆ ಚೌಕಟ್ಟಿನ ಎಚ್ಚರಿಕೆಯನ್ನು ತೆಗೆಯುವುದಾಗಿ ಸಂಸ್ಥೆ ಘೋಷಿಸಿತು. ಇಪ್ಪತ್ತಕ್ಕೂ ಹೆಚ್ಚು ವರ್ಷ ಹೋಗಿತ್ತು.

ಇದಕ್ಕಿಂತ ನನಗೆ ಬೇಸರವಾದದ್ದು 1993ರ ಒಂದು ಅಧ್ಯಯನ ಓದಿ. ಪದೇ ಪದೇ ಉರಿಮೂತ್ರವಾಗುವ, ಮುಟ್ಟು ನಿಂತ 93 ಮಹಿಳೆಯರಲ್ಲಿ ಕೆಲವರಿಗೆ ಈಸ್ಟ್ರಿಯಾಲ್ ಮುಲಾಮು, ಉಳಿದವರಿಗೆ ಮದ್ದಿಲ್ಲದ ಮುಲಾಮು ಕೊಟ್ಟಿದ್ದರು. ಮದ್ದಿಲ್ಲದವರಿಗೆ ವರ್ಷಕ್ಕೆ ಸರಾಸರಿ 5.9 ಸಲ ಸೋಂಕು. ಈಸ್ಟ್ರಿಯಾಲ್ ಹಚ್ಚಿದವರಿಗೆ 0.5. ದೊಡ್ಡಮ್ಮ ಆರು ವರ್ಷ ನುಂಗಿದ ಆ್ಯಂಟಿಬಯೋಟಿಕ್‌ಗೆ ಮೊದಲೇ ಈ ಉತ್ತರ ಅಚ್ಚಾಗಿ ಕೂತಿತ್ತು.

ಕಾಲಕ್ಕೆ ಮೊದಲೇ ನಿಂತವರು

ಇದು ಬರೀ ಐವತ್ತು ದಾಟಿದವರ ಮಾತೂ ಅಲ್ಲ. ಅಂಡಾಶಯವನ್ನೂ ಸೇರಿಸಿ ಗರ್ಭಕೋಶ ತೆಗೆದರೆ ಈಸ್ಟ್ರೋಜನ್ ಒಮ್ಮೆಲೇ ಇಳಿಯುತ್ತದೆ. ಕಲಬುರಗಿ ಜಿಲ್ಲೆಯ ಲಂಬಾಣಿ ಮತ್ತು ದಲಿತ ಹೆಂಗಸರಿಗೆ ಖಾಸಗಿ ಆಸ್ಪತ್ರೆಗಳಲ್ಲಿ ಅಗತ್ಯವಿಲ್ಲದೆ ಗರ್ಭಕೋಶ ತೆಗೆದರೆಂಬ ದೂರು 2015ರಲ್ಲಿ ದೊಡ್ಡ ಸುದ್ದಿಯಾಯಿತು. ದೇಶದ ಕುಟುಂಬ ಆರೋಗ್ಯ ಸಮೀಕ್ಷೆ ಈ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದ್ದೇ 2015–16ರ ಸುತ್ತಿನಿಂದ. ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿ ಮಾಡಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ಹೇಳಿತು. ಮೂವತ್ತೈದಕ್ಕೇ ಗರ್ಭಕೋಶ, ಅಂಡಾಶಯ ಎರಡೂ ಹೋದವಳಿಗೆ ಆಮೇಲಿನ ಉರಿಯ ಬಗ್ಗೆ ಯಾರು ಹೇಳುತ್ತಾರೆ?

ಏನು ಮಾಡಬಹುದು

ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು, ಯಾಕೆಂದರೆ ಉರಿ, ತುರಿಕೆಗೆ ಬೇರೆ ಕಾರಣವೂ ಇರಬಹುದು. ಆ ಜಾಗ ತೊಳೆಯಲು ನೀರು ಸಾಕು. ಸೋಪು, ಡೆಟ್ಟಾಲ್ ಬೇಡ. ಸಂಭೋಗದ ಹೊತ್ತಿಗೆ ನೀರಿನ ಅಂಶದ ಅಥವಾ ಸಿಲಿಕೋನ್ ಜೆಲ್ ಇದೆ. ದಿನನಿತ್ಯದ ಒಣಗುವಿಕೆಗೆ ವಾರಕ್ಕೆ ಎರಡು ಮೂರು ಸಲ ಹಚ್ಚುವ ಮಾಯಿಶ್ಚರೈಸರ್ ಬೇರೆಯೇ ಇದೆ. ಕಾಂಡೋಮ್ ಬಳಸುವವರು ತೆಂಗಿನೆಣ್ಣೆ ಹಚ್ಚಬಾರದು, ರಬ್ಬರ್ ಹರಿಯುತ್ತದೆ. ಇದರಿಂದ ಸಾಲದಿದ್ದರೆ ಈಸ್ಟ್ರೋಜನ್ ಮುಲಾಮು. ಸಾಮಾನ್ಯವಾಗಿ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ಗುಣ ಕಾಣಲು ಕೆಲವು ವಾರ ಬೇಕು, ಪೂರ್ತಿ ಗುಣಕ್ಕೆ ಮೂರು ತಿಂಗಳಾದರೂ ಆಗಬಹುದು. ಬಿಟ್ಟರೆ ತೊಂದರೆ ಮರಳುತ್ತದೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದರ ಡಾಕ್ಟರನ್ನು ಕೇಳದೆ ಹಚ್ಚಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಕೂಡಲೇ ತೋರಿಸಬೇಕು. ಲೇಸರ್ ಚಿಕಿತ್ಸೆಯ ಜಾಹೀರಾತು ನೋಡಿ ಓಡುವುದು ಬೇಡ. ಅದರ ಸುರಕ್ಷತೆ ಖಾತ್ರಿಯಾಗಿಲ್ಲ ಎಂದು ಅಮೆರಿಕದ ಅದೇ ಸಂಸ್ಥೆ 2018ರಲ್ಲಿ ಎಚ್ಚರಿಸಿದೆ.

ಇಷ್ಟನ್ನೂ ಒಂದು ಸಂಜೆ ದೊಡ್ಡಮ್ಮನ ಎದುರು ಕೂತು ಹೇಳಿದೆ. ಅವರು ನನ್ನ ಮಾತು ಪೂರ್ತಿ ನಂಬಲಿಲ್ಲ, ನಂಬಬೇಕಾಗಿಯೂ ಇರಲಿಲ್ಲ. ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. ಆ ಕಾಗದ ತೋರಿಸಿ ಈ ಸಲ ದೊಡ್ಡಮ್ಮನೇ ಕೇಳಿದರು. ಡಾಕ್ಟರಮ್ಮ ಹತ್ತು ನಿಮಿಷ ಬಿಡಿಸಿ ಹೇಳಿದರು.

ಮೂರು ತಿಂಗಳ ಮೇಲೆ ಒಂದು ಮದುವೆ ಮನೆಯಲ್ಲಿ ಸಿಕ್ಕಿದರು. ಎರಡು ಗಂಟೆ ಬಸ್ಸಿನಲ್ಲಿ ಕೂತು ಬಂದಿದ್ದರು. ಮದ್ದಿನ ಬಗ್ಗೆ ನಾನೇನೂ ಕೇಳಲಿಲ್ಲ, ಅವರೇ ಹೇಳಿದರು: "ಮೊನ್ನೆ ಪಂಪ್‌ವೆಲ್‌ನಲ್ಲಿ ನಾನೇ ಹೋಗಿ ತಂದೆ. ಆ ಹುಡುಗ ಇನ್ನೇನಾದ್ರೂ ಬೇಕಾ ಅಮ್ಮಾ ಅಂತ ಕೇಳಿದ, ಅಷ್ಟೇ. ಆರು ವರ್ಷ ಸುಮ್ಮನೆ ಹೆದರಿದ್ದು ನಾನು."